ಮನೇಲಿ ಆರ್ಗನ್ ನುಡಿಸೋಕೆ ಸೌಂಡ್ ಮಾಡ್ಯೂಲ್ ಆರಿಸ್ಕೊಳ್ಳೋದು ಹೇಗೆ

ನಮ್ಮ ಹಾಸನ ಕಡೆ ಹಳ್ಳೀಲಿ ಕುರುಕ್ಷೇತ್ರ ನಾಟಕ ಆಡಿಸ್ಬೇಕು ಅಂದ್ರೆ ಕಾಲಲ್ಲಿ ತುಳಿಯೋ ಹಾರ್ಮೋನಿಯಂ ಬೇಕೇ ಬೇಕು, ನಾನು ಮೊದಲು ಬೆರಳಿಟ್ಟಿದ್ದೂ ಅಂಥದ್ದರ ಮೇಲೇನೆ. ಒತ್ತಿದ ಸ್ವರ ಕೈ ಎತ್ತೋವರೆಗೂ ಕುಗ್ಗದೆ ನಿಂತಿರತ್ತಲ್ಲ, ಆ ನಿಲುವು ಒಂದ್ಸಲ ಕಿವಿಗೆ ಹಿಡಿಸ್ತು ಅಂದ್ರೆ ಆಮೇಲೆ ಪಿಯಾನೋ ಎಷ್ಟೇ ಚೆನ್ನಾಗಿದ್ರೂ ಮನಸ್ಸು ಆರ್ಗನ್ ಕಡೆಗೇ ಹೋಗತ್ತೆ. ಮನೇಲಿ ಈಗಾಗಲೇ ಕೀಬೋರ್ಡ್ ಇದೆ, ಅದರ ಆರ್ಗನ್ ಸದ್ದು ಮಾತ್ರ ತೆಳ್ಳಗಿದೆ, ಬೇರೆ ಮಾಡ್ಯೂಲ್ ಹಾಕ್ಕೋಬೇಕು ಅನ್ನೋರಿಗೆ ಇದು.

ಮಾಡ್ಯೂಲ್ ಅಂದ್ರೆ ಕೀ ಇಲ್ಲದ ವಾದ್ಯ, ಅಷ್ಟೇ. ಕೀಬೋರ್ಡಿಂದ ಮಿಡಿ ವೈರಲ್ಲಿ ಯಾವ ಕೀ ಒತ್ತಿದ್ರಿ, ಯಾವಾಗ ಬಿಟ್ರಿ ಅನ್ನೋ ಸುದ್ದಿ ಹೋಗತ್ತೆ, ಸದ್ದು ಹುಟ್ಟೋದು ಪೆಟ್ಟಿಗೆ ಒಳಗೆ. 1983ರಲ್ಲಿ ಬಂದ ಈ ಪದ್ಧತಿ ಇವತ್ತಿಗೂ ನಡೀತಿದೆ, ಹಾಗಾಗಿ ಹಳೇ ಮಾಡ್ಯೂಲ್ ಅಂತ ಹೆದರಬೇಕಾಗಿಲ್ಲ.

ಮೊದಲು ಯಾವ ಆರ್ಗನ್ ಬೇಕು ಅಂತ ನಿರ್ಧಾರ ಮಾಡ್ಕೊಳಿ. ಚರ್ಚಲ್ಲಿ ಕೀರ್ತನೆಗೆ ನುಡಿಸೋ ಪೈಪ್ ಆರ್ಗನ್ ಬೇರೆ, 1935ರಲ್ಲಿ ಹ್ಯಾಮಂಡ್ ತಂದ ಡ್ರಾಬಾರ್ ಆರ್ಗನ್ ಬೇರೆ. ಹ್ಯಾಮಂಡ್‌ದು ತಿರುಗೋ ಚಕ್ರಗಳಿಂದ ಹುಟ್ಟೋ ಸದ್ದು, 9 ಡ್ರಾಬಾರ್ (ಎಳೆಯೋ ಪಟ್ಟಿ) ಎಳೆದು ದನಿಯ ಬಣ್ಣ ಬದಲಾಯಿಸೋದು, ಜೊತೆಗೆ ಲೆಸ್ಲಿ ಸ್ಪೀಕರ್ ತಿರುಗಿದಂತೆ ನಿಧಾನ–ಜೋರು ಅಲೆ ಬರಬೇಕು. ಎರಡನ್ನೂ ಒಂದೇ ಪೆಟ್ಟಿಗೇಲಿ ಹುಡುಕಿದ್ರೆ ಸಾಮಾನ್ಯವಾಗಿ ಎರಡೂ ಅರ್ಧಂಬರ್ಧ ಸಿಗತ್ತೆ. ಆಲ್ಬೋರ್ನ್ ಆರ್ಕೈವ್, ವೈಕೌಂಟ್ ಸಿಎಂ 100 ಇಂಥವು ಪೈಪ್ ಆರ್ಗನ್‌ಗೇ ಅಂತ ಮಾಡಿದ ಮಾಡ್ಯೂಲ್‌ಗಳು, ಸೆಕೆಂಡ್ ಹ್ಯಾಂಡಲ್ಲಿ ಕಣ್ಣಿಗೆ ಬಿದ್ರೆ ನಿಂತು ನೋಡಿ.

ನೂರಾರು ಸೌಂಡ್ ಇದೆ ಅಂತ ಬರೆದಿರೋ ಸಾದಾ ಮಾಡ್ಯೂಲ್‌ಗೆ ಮಾತ್ರ ಮರುಳಾಗ್ಬೇಡಿ. ಜನರಲ್ ಮಿಡಿ ಅನ್ನೋ, ಎಲ್ಲ ಕಂಪನಿಗೂ ಒಂದೇ ಆದ ಸೌಂಡ್ ಪಟ್ಟೀಲಿ ಆರ್ಗನ್ 17ನೇ ನಂಬರಿಂದ ಶುರುವಾಗತ್ತೆ, 20 ಚರ್ಚ್ ಆರ್ಗನ್, 21 ರೀಡ್ ಆರ್ಗನ್, ಅಂದ್ರೆ ಇಡೀ ಚರ್ಚ್ ಆರ್ಗನ್ ಒಂದೇ ಉಂಡೆ. ಪ್ರಿನ್ಸಿಪಲ್ (ಪೈಪ್ ಆರ್ಗನ್‌ನ ಮೂಲ ದನಿ) ಬೇಕು ಫ್ಲೂಟ್ ಬೇಡ ಅಂತ ಬಿಡಿಸೋಕಾಗಲ್ಲ. ಆರ್ಗನ್ ನುಡಿಸೋದ್ರಲ್ಲಿ ಅರ್ಧ ಖುಷಿ ಇರೋದೇ ಸ್ಟಾಪ್ (ಒಂದೊಂದು ಬಗೆಯ ದನಿ) ಒಂದೊಂದಾಗಿ ಸೇರಿಸೋದ್ರಲ್ಲಿ: ಪೈಪಿನ ಉದ್ದದ ಲೆಕ್ಕದಲ್ಲಿ 8 ಅಡಿ ಅಂದ್ರೆ ಒತ್ತಿದ ಸ್ವರವೇ ಬರತ್ತೆ, 4 ಅಡಿ ಒಂದು ಸ್ಥಾಯಿ ಮೇಲೆ, 16 ಅಡಿ ಒಂದು ಸ್ಥಾಯಿ ಕೆಳಗೆ. ಅದು ಬಿಡಿಬಿಡಿಯಾಗಿ ಸಿಗದಿದ್ರೆ ಆ ಪೆಟ್ಟಿಗೆ ಬೇಡವೇ ಬೇಡ.

ಕೇಳೋಕೆ ಹೋದಾಗ ಎಲ್ಲರೂ ಮಾಡೋದು ಎಲ್ಲಾ ಸ್ಟಾಪ್ ಎಳೆದು ಗುಡುಗಿಸೋದು, ಆಗ ಯಾವ ಮಾಡ್ಯೂಲಾದ್ರೂ ಚೆನ್ನಾಗೇ ಕೇಳತ್ತೆ. ನೀವು 8 ಅಡಿ ಪ್ರಿನ್ಸಿಪಲ್ ಒಂದನ್ನೇ ಇಟ್ಕೊಂಡು ಗೊತ್ತಿರೋ ಒಂದು ಕೀರ್ತನೆನ ನಿಧಾನಕ್ಕೆ ಹತ್ತು ನಿಮಿಷ ನುಡಿಸಿ, ಕಿವಿ ದಣಿಯುತ್ತಾ ನೋಡಿ. ಆಮೇಲೆ ಒಂದೇ ಕೀ ಒತ್ತಿ ಹಿಡ್ಕೊಂಡು ಕೂತ್ಕೊಳಿ, ಸ್ವಲ್ಪ ಹೊತ್ತಿಗೆ ಅದೇ ತುಣುಕು ತಿರುಗಿ ತಿರುಗಿ ಬರ್ತಿರೋದು ಗೊತ್ತಾದ್ರೆ ಸ್ಯಾಂಪಲ್ (ರೆಕಾರ್ಡ್ ಮಾಡಿಟ್ಟ ಸದ್ದಿನ ತುಣುಕು) ಗಿಡ್ಡ ಅಂತ ಅರ್ಥ. ಕೆಳಗಿಂದ ಮೇಲಕ್ಕೆ ಬಿಳಿ ಕಪ್ಪು ಒಂದೂ ಬಿಡದೆ ಹೋಗಿ, ನಾಲ್ಕೈದು ಕೀಗೊಮ್ಮೆ ದನಿ ತಟ್ಟನೆ ಬದಲಾದ್ರೆ ಒಂದೇ ಸ್ಯಾಂಪಲ್ ಎಳೆದು ಹರಡಿದಾರೆ. ನಂತರ ಪಾಲಿಫೋನಿ, ಅಂದ್ರೆ ಒಂದೇ ಸಲ ಎಷ್ಟು ದನಿ ಹೊರಡತ್ತೆ ಅನ್ನೋದು. 5 ಕೀ, 8 ಸ್ಟಾಪ್, ಅಲ್ಲಿಗೇ 40 ದನಿ ಬೇಕು, ಮೊದಲನೇ ಜನರಲ್ ಮಿಡಿ ನಿಯಮ ಕೇಳೋದು 24 ಮಾತ್ರ, ಸಾಲದಿದ್ರೆ ಹಿಡಿದ ಸ್ವರ ಮಧ್ಯದಲ್ಲೇ ಮಾಯ.

ರಿವರ್ಬ್ (ಕೈ ಎತ್ತಿದ ಮೇಲೂ ಉಳಿಯೋ ಗುಂಯ್‌ಗುಟ್ಟುವಿಕೆ) ವಿಷಯ ಹಗುರವಾಗಿ ತಗೋಬೇಡಿ. ಗೊರೂರು ಹಿನ್ನೀರಲ್ಲಿರೋ ಶೆಟ್ಟಿಹಳ್ಳಿ ಚರ್ಚ್ ನೋಡಿದೀರಲ್ಲ, ಅಲ್ಲೀಗ ಚಾವಣಿ ಇಲ್ಲ, ಚಪ್ಪಾಳೆ ತಟ್ಟಿದ್ರೆ ಸದ್ದು ಆಕಾಶಕ್ಕೆ ಹೋಗ್ಬಿಡತ್ತೆ, ಚಾವಣಿ ಇದ್ದ ಕಾಲದಲ್ಲಿ ಇಲ್ಲಿ ಹಾಡು ಎಷ್ಟು ಹೊತ್ತು ನಿಂತಿರ್ತಿತ್ತೋ ಅಂತ ಅನಿಸದೇ ಇರಲ್ಲ. ಪೈಪ್ ಆರ್ಗನ್‌ಗೆ ಕಟ್ಟಡವೂ ವಾದ್ಯದ ಒಂದು ಭಾಗ. ಸೋಫಾ, ಕರ್ಟನ್ ಇರೋ ನಮ್ಮ ಹಾಲಲ್ಲಿ ಆ ಕೆಲಸ ಮಾಡ್ಯೂಲೇ ಮಾಡ್ಬೇಕು, ಕೈ ಎತ್ತಿದ ಮೇಲೆ ಬಾಲ ಮೆಲ್ಲಗೆ ಕರಗತ್ತಾ, ಕತ್ತರಿಸಿದಂಗಿರತ್ತಾ ಕೇಳಿ.

ಜೋಡಣೆ ಬಗ್ಗೆ ನನಗೆ ಪೆಟ್ಟು ಬಿದ್ದಿದೆ. ನಮ್ಮ ಕೀಬೋರ್ಡಲ್ಲಿ ಮಿಡಿ ಇದೆ ಅಂತ ನಂಬಿ ಮಾಡ್ಯೂಲ್ ತಂದೆ, ಮನೆಗೆ ಬಂದು ನೋಡಿದ್ರೆ ಅದರಲ್ಲಿರೋದು ಯುಎಸ್‌ಬಿ ಮಾತ್ರ, ಮಾಡ್ಯೂಲ್‌ಗೆ ಬೇಕಿದ್ದದ್ದು 5 ಪಿನ್‌ನ ದುಂಡು ಮಿಡಿ. ಬರೀ ಕೇಬಲ್ ಬದಲಾಯಿಸಿದ್ರೆ ಆಗಲ್ಲ, ಯಾಕಂದ್ರೆ ಆ ಯುಎಸ್‌ಬಿ ಕಂಪ್ಯೂಟರ್ ಜೊತೆ ಮಾತಾಡೋಕೆ ಮಾಡಿರೋದು, ಮಧ್ಯೆ ಯುಎಸ್‌ಬಿ ಮಿಡಿ ಹೋಸ್ಟ್ ಅನ್ನೋ ಡಬ್ಬಿ ಬೇಕು. ಹಿಂಭಾಗದ ಫೋಟೋ ತಗೊಂಡೇ ಅಂಗಡಿಗೆ ಹೋಗಿ. ಕೀಬೋರ್ಡಲ್ಲಿ ಲೋಕಲ್ ಆಫ್ (ಅದರ ಸ್ವಂತ ಸದ್ದು ನಿಲ್ಲಿಸೋ ಸೆಟ್ಟಿಂಗ್) ಮಾಡ್ಕೊಳಿ, ಇಲ್ದಿದ್ರೆ ಎರಡರದ್ದೂ ಸದ್ದು ಒಟ್ಟಿಗೆ ಬರತ್ತೆ.

ದುಡ್ಡು ಹಾಕೋ ಮುಂಚೆ ಕಂಪ್ಯೂಟರಲ್ಲೇ ಪೈಪ್ ಆರ್ಗನ್ ಸದ್ದು ಕೊಡೋ ಗ್ರ್ಯಾಂಡ್‌ಆರ್ಗ್ (GrandOrgue) ಸಾಫ್ಟ್‌ವೇರ್ ಒಂದ್ಸಲ ಹಾಕಿ ನೋಡಿ, ಪುಕ್ಕಟೆ, ವಿಂಡೋಸ್ ಲಿನಕ್ಸ್ ಎರಡರಲ್ಲೂ ಓಡತ್ತೆ. ಸ್ಯಾಂಪಲ್ ಸೆಟ್ ದೊಡ್ಡದಾದಷ್ಟೂ ರ‍್ಯಾಮ್ ತಿನ್ನತ್ತೆ, ವಿಂಡೋಸಲ್ಲಿ ಆಸಿಯೋ (ASIO) ಅನ್ನೋ ಸೌಂಡ್ ಡ್ರೈವರ್ ಇಲ್ದಿದ್ರೆ ಒತ್ತಿದ್ದಕ್ಕೂ ಕೇಳೋದಕ್ಕೂ ನಡುವೆ ತಡ ಆಗ್ಬಹುದು. ಲ್ಯಾಪ್‌ಟಾಪ್ ಇರೋರಿಗೆ ಸದ್ದಿನ ವಿಚಾರದಲ್ಲಿ ಇದೇ ಒಳ್ಳೇದು ಅಂತ ನನ್ನ ಅನಿಸಿಕೆ, ಆದ್ರೆ ಸಂಜೆ ಐದು ನಿಮಿಷ ಬಿಡುವಲ್ಲಿ ಸ್ವಿಚ್ ಒತ್ತಿ ನುಡಿಸ್ಬೇಕು ಅನ್ನೋರಿಗೆ ಪೆಟ್ಟಿಗೇನೇ ಸರಿ.

ಸ್ಪೀಕರ್‌ಗೂ ಹಣ ಎತ್ತಿಡಿ. 61 ಕೀ ಆರ್ಗನ್‌ನ ತೀರಾ ಎಡದ ಸಿ, 8 ಅಡಿ ಸ್ಟಾಪಲ್ಲಿ, ಸುಮಾರು 65 ಹರ್ಟ್ಸ್, 16 ಅಡಿಯಲ್ಲಿ 33ರ ಹತ್ತಿರ. 4 ಇಂಚಿನ ಸ್ಪೀಕರಿಂದ ಆ 33 ಬರಲ್ಲ, ಕಾಲಿನ ಪೆಡಲ್ ನುಡಿಸೋ ಆಸೆ ಇದ್ರೆ ಸಬ್‌ವೂಫರ್ ಇಲ್ಲಾ ಒಳ್ಳೇ ಹೆಡ್‌ಫೋನ್ ಬೇಕು.

ಅಮೆರಿಕದಿಂದ ಯಾರಾದ್ರೂ ತಂದುಕೊಡ್ತಾರೆ ಅಂದ್ರೆ ಹಿಂದೆ ಬರೆದಿರೋ ವೋಲ್ಟೇಜ್ ಓದಿ, ಅಲ್ಲಿ 120, ನಮ್ಮದು 230, ನೇರ ಚುಚ್ಚಿದ್ರೆ ಸುಟ್ಟೇ ಹೋಗ್ಬಹುದು. ಸಕಲೇಶಪುರ, ಮೂಡಿಗೆರೆ ಕಡೆಯೋರು ಮಳೆಗಾಲದಲ್ಲಿ ಮಾಡ್ಯೂಲ್‌ನ ತಣ್ಣನೆ ಗೋಡೆಗೆ ತಾಗಿಸಿ ಇಡ್ಬೇಡಿ, ಗುಡುಗು ಶುರುವಾದ ಕೂಡಲೇ ಪ್ಲಗ್ ಕಿತ್ತಿಡಿ, ಸ್ವಿಚ್ ಆರಿಸಿದ್ರೆ ಸಾಲಲ್ಲ.