ಉಳಿದ ಅನ್ನ ಮೊದಲು ಸಿಹಿಯಾಗಲಿ, ಆಮೇಲೆ ಗ್ಯಾಸ್ ಆಗಲಿ

ತಂಗಳನ್ನ, ಹಾಸನದ ಕಡೆ ಧಾರಾಳವಾಗಿ ಸಿಗುವ ಆಲೂಗಡ್ಡೆ ಸಿಪ್ಪೆ, ಬಾಳೆದಿಂಡು ಎಲ್ಲವನ್ನೂ ಹಾಗೇ ಬಯೋಗ್ಯಾಸ್ ಡ್ರಮ್ಮಿಗೆ ಸುರಿದರೆ ಉಂಡೆಗಟ್ಟಿ ಮೇಲೆ ಕೆನೆಯಂತೆ ಕೂರುತ್ತವೆ. ಪಿಷ್ಟವಿರುವ ಅನ್ನ, ಆಲೂಗಡ್ಡೆಯನ್ನು ಹೊರಗೇ ಸಕ್ಕರೆಯಾಗಿಸಿ ಹಾಕಿ. ಒಟ್ಟು ಗ್ಯಾಸ್ ಹೆಚ್ಚುವುದಿಲ್ಲ, ಆದರೆ ಬೇಗ ಬರುತ್ತದೆ.

ಇದಕ್ಕೆ ಬೇಕಾದ, ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವ ಮೊಳಕೆ ರಾಗಿಯಲ್ಲೇ ಇದೆ. ರಾಗಿಯನ್ನು 12 ಗಂಟೆ ನೆನೆಸಿ, ಬಟ್ಟೆಯಲ್ಲಿ ಕಟ್ಟಿ 2–3 ದಿನ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ ಪುಡಿ ಮಾಡಿ. ಬಾಣಲೆಯಲ್ಲಿ ಹುರಿಯಬೇಡಿ, ಕಿಣ್ವ ಸಾಯುತ್ತದೆ.

2 ಕೆಜಿ ಅನ್ನಕ್ಕೆ ಒಂದೂವರೆ ಲೀಟರ್ ನೀರು ಹಾಕಿ ಗಂಜಿಯಾಗುವಂತೆ ಕುದಿಸಿ. ಸಿಪ್ಪೆಯಾದರೆ 20 ನಿಮಿಷ ಬೇಯಲೇಬೇಕು, ಹಸಿ ಪಿಷ್ಟವನ್ನು ಕಿಣ್ವ ಸರಿಯಾಗಿ ಒಡೆಯದು. ಕುದಿಯುವ ಗಂಜಿಗೆ ಗಂಜಿಯಷ್ಟೇ ತಣ್ಣೀರು ಬೆರೆಸಿದರೆ 60 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಆಗ 100 ಗ್ರಾಂ ರಾಗಿ ಪುಡಿ ಕಲಸಿ, ಮುಚ್ಚಿ, ಬಚ್ಚಲೊಲೆಯ ಹಂಡೆಯ ಪಕ್ಕ 3 ಗಂಟೆ ಇಡಿ. ಕುದಿಸಲೂ ಆ ಒಲೆಯೇ ಸಾಕು. ಬಂದ ಗ್ಯಾಸನ್ನೇ ಇದಕ್ಕೆ ಉರಿಸಿದರೆ ಲಾಭವಿಲ್ಲ. ಮಂದವಾಗಿದ್ದ ಗಂಜಿ ನೀರಾಗುತ್ತದೆ. ಒಂದು ಚಮಚ ತೆಗೆದು ತಣಿಸಿ, ಟಿಂಚರ್ ಅಯೋಡಿನ್ ಒಂದು ಹನಿ ಬಿಡಿ: ಕಡುನೀಲಿಯಾದರೆ ಪಿಷ್ಟ ಉಳಿದಿದೆ, ಇನ್ನೊಂದು ಗಂಟೆ ಬಿಡಿ. ಡ್ರಮ್ಮಿಗೆ ಹಾಕುವ ಮುಂಚೆ ಪೂರ್ತಿ ತಣಿಸಿ.

ಎಡವುವುದು ಮುಂದೆ. ಸಕ್ಕರೆ ಕೆಲವೇ ಗಂಟೆಗಳಲ್ಲಿ ಆಮ್ಲವಾಗುತ್ತದೆ. ಅದನ್ನು ಮೀಥೇನ್, ಅಂದರೆ ಉರಿಯುವ ಗ್ಯಾಸ್ ಮಾಡುವ ಜೀವಿಗಳು ನಿಧಾನಿಗಳು. 35 ಡಿಗ್ರಿ ಅವಕ್ಕೆ ಹಿತ, 20ರ ಕೆಳಗೆ ಮಂಕು. ಆದ್ದರಿಂದ ಸಗಣಿ ಬಗ್ಗಡ ಹಾಕಿ, ನೀಲಿ ಜ್ವಾಲೆ ಸ್ಥಿರವಾಗಿ ಬರುತ್ತಿರುವ 1000 ಲೀಟರ್ ಡ್ರಮ್ಮಿಗೂ ಮೊದಲ ವಾರ ದಿನಕ್ಕೆ ಅರ್ಧ ಕೆಜಿ ಅನ್ನದಷ್ಟೇ ಕೊಡಿ, ಆಮೇಲೆ ನಿಧಾನವಾಗಿ 2 ಕೆಜಿಗೆ ಏರಿಸಿ. ಮೂಡಿಗೆರೆ, ಸಕಲೇಶಪುರದ ಜಡಿಮಳೆಯಲ್ಲಿ ಅದರ ಅರ್ಧ ಸಾಕು.

ಒಲೆ ಹತ್ತದೆ ಡ್ರಮ್ಮು ಮಾತ್ರ ಉಬ್ಬಿದ್ದರೆ, ಹುಳಿ ವಾಸನೆ ಬಂದರೆ, ಹುಳಿ ಎಷ್ಟಿದೆಯೆಂದು ತೋರಿಸುವ ಪಿಎಚ್ ಕಾಗದದಲ್ಲಿ ನೋಡಿ. 6.5ಕ್ಕಿಂತ ಕಡಿಮೆಯಿದ್ದರೆ ಅನ್ನ ನಿಲ್ಲಿಸಿ, 50 ಗ್ರಾಂ ಸುಣ್ಣವನ್ನು ಬಕೆಟ್ ನೀರಲ್ಲಿ ಕದಡಿ ಹಾಕಿ, ಮರುದಿನ ಮತ್ತೆ ನೋಡಿ. 7ರ ಹತ್ತಿರ ಬರುವವರೆಗೆ ಹಸಿ ಸಗಣಿ ಬಗ್ಗಡವಷ್ಟೇ ಕೊಡಿ. ನಿಂಬೆ, ಕಿತ್ತಳೆ ಸಿಪ್ಪೆ ಮತ್ತು ಸೋಪಿನ ನೀರು ಯಾವತ್ತೂ ಬೇಡ.

ಹೊರಬರುವ ಬಗ್ಗಡಕ್ಕೆ ಮೂರರಷ್ಟು ನೀರು ಬೆರೆಸಿ ಕಾಫಿ, ಮೆಣಸಿನ ಬುಡಕ್ಕೆ ಹಾಕಬಹುದು, ಕಾಂಡಕ್ಕೆ ತಾಗದಂತೆ.