ಬಳಪದ ಕಲ್ಲಿನ ಅಚ್ಚಿನಲ್ಲಿ ಯಾತ್ರಿಕರ ಬಿಲ್ಲೆ: ನನ್ನ ಅನುಭವ

ಮಧ್ಯಯುಗದ ಯುರೋಪಿನಲ್ಲಿ ಕ್ರೈಸ್ತ ಯಾತ್ರಿಕರು ಪುಣ್ಯಸ್ಥಳಕ್ಕೆ ಹೋಗಿಬಂದ ಗುರುತಾಗಿ ಟೋಪಿಗೂ ಮೇಲಂಗಿಗೂ ಸಿಕ್ಕಿಸಿಕೊಳ್ಳುತ್ತಿದ್ದ ತವರ-ಸೀಸದ ಬಿಲ್ಲೆಗಳನ್ನು ಯಂತ್ರದ ನೆರವಿಲ್ಲದೆ, ಕಲ್ಲಿನ ಅಚ್ಚಿನಲ್ಲಿ ಕೈಯಿಂದಲೇ ಎರಕ ಹೊಯ್ದು ತೆಗೆಯುತ್ತೇನೆ ಎಂದಾಗ ಕಸುಬಿನವರಲ್ಲಿ ಯಾರೂ ನಂಬಲಿಲ್ಲ. ಒಂದೂವರೆ ಮಿಲಿಮೀಟರ್ ದಪ್ಪದ, ಮೈತುಂಬ ಕಿಂಡಿಗಳಿರುವ ಬಿಲ್ಲೆಯಲ್ಲಿ ಲೋಹವು ಅರ್ಧ ದಾರಿಯಲ್ಲೇ ಹೆಪ್ಪುಗಟ್ಟುತ್ತದೆ, ಅಚ್ಚನ್ನು ರಭಸದಿಂದ ಸುತ್ತಿಸಿ ಲೋಹವನ್ನು ಅಂಚಿಗೆ ತಳ್ಳುವ ತಿರುಗುವ ಯಂತ್ರದ ಒತ್ತಡವಿಲ್ಲದೆ ಅದು ಮೂಲೆಗಳನ್ನು ಮುಟ್ಟುವುದಿಲ್ಲ ಎಂದು ಕಂಚಿನ ವಿಗ್ರಹ ಹೊಯ್ಯುವವರೂ ಹೇಳಿದರು, ಕೃತಕ ಆಭರಣದ ಕಾರ್ಖಾನೆಯವರೂ ಹೇಳಿದರು. ಈಗ ನನ್ನಲ್ಲಿ ಹತ್ತಕ್ಕೆ ಒಂಬತ್ತು ಬಿಲ್ಲೆಗಳು ಅಂಚಿನವರೆಗೆ ತುಂಬಿ ಬರುತ್ತಿವೆ. ತವರವನ್ನು ಒಮ್ಮೆಯಾದರೂ ಕರಗಿಸಿ ಹೊಯ್ದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆದ್ದರಿಂದ ಮೂಸೆ, ರಾಳ, ಉಳಿಗಳ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ.

ನನಗೆ ಧೈರ್ಯ ಕೊಟ್ಟದ್ದು ಹಳೆಯ ಲೆಕ್ಕಗಳು. 1170ರ ಡಿಸೆಂಬರ್ 29ರಂದು ಇಂಗ್ಲೆಂಡಿನ ಕ್ಯಾಂಟರ್‌ಬರಿಯ ಕ್ಯಾಥೆಡ್ರಲ್ ಒಳಗೆ ಆರ್ಚ್‌ಬಿಷಪ್ ಥಾಮಸ್ ಬೆಕೆಟ್ ಕೊಲೆಯಾದರು. 1173ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು, ಕ್ಯಾಂಟರ್‌ಬರಿ ಯಾತ್ರಾಸ್ಥಳವಾಯಿತು. ಅದಾಗಿ ಬಹಳ ಕಾಲ ಕಳೆಯುವ ಮೊದಲೇ ವೇಲ್ಸ್‌ನ ಜೆರಾಲ್ಡ್ ಎಂಬ ಪಾದ್ರಿ, ತಾನೂ ತನ್ನ ಸಂಗಡಿಗರೂ ಅಲ್ಲಿಂದ ಹಿಂತಿರುಗುವಾಗ ಕೊರಳಲ್ಲಿ ತೂಗುತ್ತಿದ್ದ ಗುರುತುಗಳನ್ನು ನೋಡಿಯೇ ವಿಂಚೆಸ್ಟರ್‌ನ ಬಿಷಪ್ ಅವರು ಎಲ್ಲಿಂದ ಬಂದವರೆಂದು ತಿಳಿದುಕೊಂಡರು ಎಂದು ಆತ್ಮಕಥನದಲ್ಲಿ ಬರೆದಿಟ್ಟಿದ್ದಾನೆ. ಸ್ವಿಟ್ಜರ್ಲೆಂಡಿನ ಐನ್‌ಸೀಡೆಲ್ನ್ ಮಠದಲ್ಲಿ 1466ರ ಉತ್ಸವದ ಹದಿನಾಲ್ಕು ದಿನಗಳಲ್ಲಿ ಸುಮಾರು 1,30,000 ಬಿಲ್ಲೆಗಳು ಮಾರಾಟವಾದುವೆಂಬ ಲೆಕ್ಕವಿದೆ. ಅಷ್ಟನ್ನೂ ಮಾಡಿದವರ ಬಳಿ ಸಿಲಿಕೋನ್ ರಬ್ಬರ್ ಇರಲಿಲ್ಲ, ತಿರುಗುವ ಯಂತ್ರವೂ ಇರಲಿಲ್ಲ, ಇದ್ದದ್ದು ಕಲ್ಲು. ಫ್ರಾನ್ಸಿನ ಮಾಂಟ್ ಸೇಂಟ್ ಮಿಷೆಲ್ ಗುಡ್ಡದ ಬುಡದಲ್ಲಿ ಉತ್ಖನನ ಮಾಡಿದಾಗ ಅಂಥ ಕಲ್ಲಿನ ಅಚ್ಚುಗಳೇ ರಾಶಿಯಾಗಿ ಸಿಕ್ಕಿವೆ. ಅವರಿಂದ ಆದದ್ದು ನಮ್ಮಿಂದ ಆಗದು ಎನ್ನಲು ನನಗೆ ಕಾರಣವೇ ಕಾಣಲಿಲ್ಲ.

ಮೂಲ ಬಿಲ್ಲೆಯನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ನನಗಿರಲಿಲ್ಲ. ನೆದರ್‌ಲೆಂಡ್ಸ್‌ನ ನೈಮೇಖನ್ ವಿಶ್ವವಿದ್ಯಾಲಯದವರು ಕುನೆರಾ ಎಂಬ ಹೆಸರಿನಲ್ಲಿ ಸಾವಿರಾರು ಬಿಲ್ಲೆಗಳ ಚಿತ್ರಗಳನ್ನೂ ಅಳತೆಗಳನ್ನೂ ಎಲ್ಲರಿಗೂ ಸಿಗುವಂತೆ ಇಟ್ಟಿದ್ದಾರೆ. ಮೊದಲ ಆಧಾರ ಅದು. ಆದರೆ ನದಿಯ ಕೆಸರಿನಿಂದ ತೆಗೆದ ಬಿಲ್ಲೆಗಳು ಬಾಗಿರುತ್ತವೆ, ಮುರಿದಿರುತ್ತವೆ, ಹಿಂಬದಿಯ ಸೂಜಿ ಹೆಚ್ಚಾಗಿ ಹೋಗಿಬಿಟ್ಟಿರುತ್ತದೆ. ಬಳಕೆಯಲ್ಲಿದ್ದಾಗ ಅವು ಹೇಗಿದ್ದವು ಎಂಬುದನ್ನು ತೋರಿಸಿಕೊಟ್ಟವರು ಚಿತ್ರಕಾರರು. 1504ರಲ್ಲಿ ಅಲ್ಕ್‌ಮಾರ್‌ನ ಚಿತ್ರಕಾರನೊಬ್ಬ ಏಳು ದಯಾಕಾರ್ಯಗಳ ಫಲಕಗಳನ್ನು ಬರೆದಿದ್ದಾನೆ; ಅವುಗಳಲ್ಲಿ ಪರಸ್ಥಳದವರಿಗೆ ಮನೆಯೊಳಗೆ ಆಶ್ರಯ ಕೊಡುವ ಫಲಕದಲ್ಲಿ ಯಾತ್ರಿಕರ ಟೋಪಿಯ ಮೇಲೆ ಬಿಲ್ಲೆಗಳಿವೆ. ಲ್ಯೂಕಸ್ ವಾನ್ ಲೈಡನ್ ಕೊರೆದ ಮುದ್ರಣಚಿತ್ರದಲ್ಲಿ ದಾರಿಬದಿಯಲ್ಲಿ ದಣಿವಾರಿಸಿಕೊಳ್ಳುವ ಯಾತ್ರಿಕ ದಂಪತಿಯಿದ್ದಾರೆ. ನ್ಯೂರೆಂಬರ್ಗ್‌ನ ವಸ್ತುಸಂಗ್ರಹಾಲಯದಲ್ಲಿ ಸ್ಟೆಫಾನ್ ಪ್ರೌನ್ ಎಂಬ ವ್ಯಾಪಾರಿ ಮನೆತನದವನು 1571ರಲ್ಲಿ ಸ್ಪೇನಿನ ಸ್ಯಾಂಟಿಯಾಗೊ ಯಾತ್ರೆಗೆ ತೊಟ್ಟ ಉಡುಪು, ಚಿಪ್ಪುಗಳನ್ನು ಹೊಲಿದ ಟೋಪಿ ಸಹಿತ, ಉಳಿದಿದೆ.

ಇವೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಪ್ರಾರ್ಥನಾ ಪುಸ್ತಕಗಳು. ಯಾತ್ರೆಯಿಂದ ತಂದ ಬಿಲ್ಲೆಗಳನ್ನು ಪುಸ್ತಕದ ತೊಗಲಿನ ಹಾಳೆಗೇ ಹೊಲಿದುಕೊಳ್ಳುವ ರೂಢಿಯಿತ್ತು. ಬಿಲ್ಲೆ ಕಳೆದುಹೋದ ಹಾಳೆಗಳಲ್ಲೂ ಅದರ ದುಂಡು ಗುರುತು ಮತ್ತು ಸೂಜಿಯ ತೂತುಗಳು ಇಂದಿಗೂ ಕಾಣುತ್ತವೆ. ಆಮೇಲೆ ಚಿತ್ರಕಾರರು ಆ ಬಿಲ್ಲೆಗಳನ್ನು ಹಾಳೆಯ ಅಂಚಿನಲ್ಲಿ ನಿಜವೆಂದೇ ಭ್ರಮೆಯಾಗುವಂತೆ ಬರೆಯತೊಡಗಿದರು. ನಸ್ಸೌನ ಎಂಗೆಲ್‌ಬರ್ಟ್ ಎಂಬ ಶ್ರೀಮಂತ ಪ್ರಭುವಿಗಾಗಿ 15ನೇ ಶತಮಾನದ ಕೊನೆಯ ಭಾಗದಲ್ಲಿ ಮಾಡಿದ, ಈಗ ಆಕ್ಸ್‌ಫರ್ಡ್‌ನಲ್ಲಿರುವ ಪುಸ್ತಕದಲ್ಲಿ ಅಂಥ ಒಂದು ಅಂಚಿದೆ. ಚಿತ್ರಕಾರ ಪ್ರತಿ ಬಿಲ್ಲೆಗೂ ನೆರಳು ಹಾಕಿದ್ದಾನೆ. ಆ ನೆರಳಿನ ಅಗಲವನ್ನು ನೋಡಿದರೆ ಬಿಲ್ಲೆ ಹಾಳೆಯಿಂದ ಎಷ್ಟು ಎತ್ತರಕ್ಕೆ ನಿಂತಿದೆ, ಅಂಚು ಎಷ್ಟು ತೆಳುವಾಗಿದೆ ಎಂಬುದು ತಿಳಿಯುತ್ತದೆ. ನನ್ನ ದಪ್ಪದ ಅಳತೆಯನ್ನು ನಾನು ತೆಗೆದುಕೊಂಡದ್ದು ಅಲ್ಲಿಂದ.

ಇನ್ನು ಸೋಲುಗಳ ಮತ್ತು ದುಡ್ಡಿನ ವಿಷಯ. ಎಲ್ಲರ ಮಾತಿಗೆ ಕಿವಿಗೊಟ್ಟು ಮೊದಲು ಸಿಲಿಕೋನ್ ರಬ್ಬರ್ ಹಿಡಿದೆ. ಅದಕ್ಕೇ ಹನ್ನೆರಡು ಸಾವಿರ ರೂಪಾಯಿಯಷ್ಟು ಹೋಯಿತು. ಬಿಲ್ಲೆಗಳೇನೋ ಬಂದವು, ಆದರೆ ಗೆರೆಗಳೆಲ್ಲ ದುಂಡಗಾಗಿ, ಉಳಿಯಿಂದ ಕೊರೆದ ಚೂಪು ಎಲ್ಲಿಯೂ ಇರಲಿಲ್ಲ. ತಿರುಗುವ ಯಂತ್ರಕ್ಕೆ ವಿಚಾರಿಸಿದಾಗ ಒಂದೂಮುಕ್ಕಾಲು ಲಕ್ಷದ ಹತ್ತಿರ ಹೇಳಿದರು. ಆ ದಾರಿಯನ್ನು ಅಲ್ಲಿಗೇ ಬಿಟ್ಟೆ. ಕಲ್ಲಿಗೆ ಬಂದ ಮೇಲೆ, ಜರ್ಮನಿಯ ನಯವಾದ ಸುಣ್ಣಕಲ್ಲಿನ ಅಚ್ಚುಗಳ ಬಗ್ಗೆ ಓದಿದ್ದರಿಂದ ನಮ್ಮ ಶಹಾಬಾದ್ ಕಲ್ಲನ್ನು ಪ್ರಯತ್ನಿಸಿದೆ. ಅದು ನೆಲಕ್ಕೆ ಹಾಸಲು ಉತ್ತಮವಾದ ಕಲ್ಲು. ಸಣ್ಣ ಅಕ್ಷರ ಕೊರೆಯುವಾಗ ಮಾತ್ರ ಅಂಚು ಸಿಡಿಯುತ್ತದೆ, ಕೆಲವು ಎರಕಗಳಾದ ಮೇಲೆ ಕಾವಿಗೆ ಪದರ ಏಳುತ್ತದೆ. ಕಡಪಾ ಕಲ್ಲಿನ ಗತಿಯೂ ಅದೇ ಆಯಿತು. ಕೂಲಿ, ಕಲ್ಲು, ಲೋಹ ಎಲ್ಲ ಸೇರಿ ಒಂದು ಒಳ್ಳೆಯ ಬಿಲ್ಲೆ ಬರುವ ಮೊದಲೇ ನಲವತ್ತು ಸಾವಿರದ ಸುತ್ತಮುತ್ತ ಕರಗಿತ್ತು.

ಕೊನೆಗೆ ನಿಂತದ್ದು ಬಳಪದ ಕಲ್ಲಿನಲ್ಲಿ. ಹೊಯ್ಸಳರ ಶಿಲ್ಪಿಗಳು ಮಣಿಸರಗಳನ್ನು ಕೊರೆದ ಕಲ್ಲು ಇದು. ಮಲೆನಾಡಿನ ಅಡುಗೆಮನೆಯ ಕಲ್ಮರಿಗೆಯೂ ಇದರದ್ದೇ. ಕಾವನ್ನು ಹೀರಿ ಹಿಡಿದುಕೊಳ್ಳುತ್ತದೆ, ಸೀಳುವುದಿಲ್ಲ, ಉಳಿಯ ಮೊನೆಗೆ ಮೇಣವೆಂಬಂತೆ ಒಪ್ಪಿಕೊಳ್ಳುತ್ತದೆ. ಯುರೋಪಿನ ಅಚ್ಚುಗಾರರೂ ಅಲ್ಲಲ್ಲಿ ಇದನ್ನೇ ಬಳಸಿದ್ದಾರೆ. ಶಿಲ್ಪಿಗಳ ಕೊಟ್ಟಿಗೆಯಲ್ಲಿ ಉಳಿದ ತುಂಡುಗಳು ಇನ್ನೂರು ಮುನ್ನೂರು ರೂಪಾಯಿಗೆ ಒಂದು ಚೀಲ ಸಿಗುತ್ತವೆ. ಬಿಳಿ ನರವಿರುವ ತುಂಡನ್ನು ತೆಗೆದುಕೊಳ್ಳಬೇಡಿ; ಉಗುರಿನಿಂದ ಗೀರಿದರೆ ಎಲ್ಲ ಕಡೆ ಒಂದೇ ಆಳದ ಗೀರು ಬೀಳಬೇಕು.

ಲೋಹದ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಹಳೆಯ ಇಂಗ್ಲಿಷ್ ಬಿಲ್ಲೆಗಳನ್ನು ಪರೀಕ್ಷಿಸಿದಾಗ ಅನೇಕವು ತವರ 60, ಸೀಸ 40ರ ಆಸುಪಾಸಿನಲ್ಲಿ ಇದ್ದುದು ಕಂಡುಬಂದಿದೆ. ಅಂದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲೆಕ್ಟ್ರಾನಿಕ್ಸ್‌ನವರಿಗೆ ಮಾರುವ ಬೆಸುಗೆ ಗಟ್ಟಿಯೇ ಕ್ಯಾಂಟರ್‌ಬರಿಯ ಲೋಹ. ನಾನು ಕೊಂಡಾಗ ಕಿಲೋಗೆ ಎರಡು ಸಾವಿರದೊಳಗಿತ್ತು. ಶುದ್ಧ ತವರಕ್ಕೆ 232 ಡಿಗ್ರಿ ಬೇಕು. ಈ ಮಿಶ್ರಣ 190 ಡಿಗ್ರಿಯೊಳಗೆ ಪೂರ್ತಿ ಕರಗಿ ನೀರಿನಂತೆ ಹರಿಯುತ್ತದೆ. ಹೊಯ್ಯುವ ಮೊದಲು ಕಾಗದದ ಚೂರನ್ನು ಅದ್ದಿ ನೋಡಿ. ಕಂದು ಬಣ್ಣಕ್ಕೆ ಬಂದರೆ ಸರಿ, ಕಪ್ಪಾದರೆ ಕಾವು ಹೆಚ್ಚಾಯಿತು.

ಇಷ್ಟೆಲ್ಲ ಸರಿಯಿದ್ದರೂ ಜಾಲರಿ ಬಿಲ್ಲೆ ತುಂಬುತ್ತಿರಲಿಲ್ಲ. ಬೆಕೆಟ್‌ರ ತಲೆಯ ಬಿಲ್ಲೆಯಲ್ಲಿ ಕಿರೀಟದ ಎರಡು ತುದಿಗಳೂ ಸುತ್ತಲಿನ ಚೌಕಟ್ಟಿನ ಕೆಳಮೂಲೆಯೂ ಪ್ರತಿ ಸಲ ಬೋಳಾಗಿ ಬರುತ್ತಿದ್ದವು. ಅಚ್ಚನ್ನು ಇನ್ನಷ್ಟು ಕಾಯಿಸಿದೆ, ಹೊಯ್ಯುವ ಬಾಯಿಯನ್ನು ಎತ್ತರ ಮಾಡಿದೆ, ಬಾಯಿಯಿಂದ ಚಿತ್ರದವರೆಗೆ ಲೋಹ ಹರಿಯುವ ರನ್ನರ್‌ಗಳನ್ನು ಎರಡು ಮಾಡಿದೆ, ಏನೂ ಫಲವಾಗಲಿಲ್ಲ. ಉತ್ತರ ಸಿಕ್ಕಿದ್ದು ಹಳೆಯ ಬಿಲ್ಲೆಯ ಹಿನ್ನೆಲೆಯಲ್ಲಿ. ಅವುಗಳ ಬಯಲು ಜಾಗದಲ್ಲೆಲ್ಲ ಓರೆಗೆರೆಗಳು ಒಂದನ್ನೊಂದು ಕತ್ತರಿಸಿ ಬಲೆಯಂತೆ ಹರಡಿರುತ್ತವೆ, ಅಂಚಿನ ಉದ್ದಕ್ಕೂ ಮುತ್ತಿನ ಸಾಲು ಇರುತ್ತದೆ. ನೋಡಿದವರೆಲ್ಲ ಅದನ್ನು ಅಲಂಕಾರವೆಂದು ಬಿಡುತ್ತಾರೆ, ಹೊಲಬು ತಪ್ಪುವುದು ಅಲ್ಲೇ. ನನ್ನ ಅಚ್ಚಿನಲ್ಲಿ ಚಿತ್ರವನ್ನಷ್ಟೇ ಉಳಿಸಿ ಹಿನ್ನೆಲೆಯನ್ನು ನುಣುಪಾಗಿ ಬಿಟ್ಟಿದ್ದೆ; ಅಲ್ಲಿ ಓರೆಗೆರೆಗಳನ್ನು ಕೂದಲೆಳೆಗಿಂತ ಸ್ವಲ್ಪ ಆಳವಾಗಿ ಕೊರೆದು, ಮುತ್ತುಗಳನ್ನು ಒಂದಕ್ಕೊಂದು ತಾಗುವಂತೆ ಇಳಿಸಿದ ದಿನವೇ ಕಿರೀಟದ ತುದಿಗಳು ಬಂದವು. ಆ ಗೆರೆಗಳು ಲೋಹಕ್ಕೆ ಕಾಲುವೆಗಳು. ಮುತ್ತಿನ ಸಾಲಿನಲ್ಲಿ ಲೋಹ ಒಂದು ಗುಳಿಯಿಂದ ಇನ್ನೊಂದಕ್ಕೆ ಜಾರುತ್ತಾ ಸುತ್ತು ಬರುತ್ತದೆ, ಹಿಂದಿನಿಂದ ಬರುವ ಲೋಹಕ್ಕೆ ಕಾವನ್ನೂ ಉಳಿಸಿಕೊಡುತ್ತದೆ. ಬಿಲ್ಲೆ ಮಾಡಿದವನು ಕಲೆಗಾರನೂ ಹೌದು, ಎರಕದವನೂ ಹೌದು ಎಂಬುದು ನನಗೆ ಅಂದು ಮನದಟ್ಟಾಯಿತು.

ಉಳಿದದ್ದು ಅಚ್ಚಿನೊಳಗಿನ ಗಾಳಿಯನ್ನು ಹೊರಬಿಡುವ ಕೆಲಸ. ಚಿತ್ರದ ಪ್ರತಿ ತುದಿಯಿಂದ ಕಲ್ಲಿನ ಅಂಚಿನವರೆಗೆ ಸೂಜಿಮೊನೆಯ ಗೀರು ಎಳೆಯಬೇಕು. ಗೀರು ಗಾಳಿಗೆ ಸಾಕಾಗಬೇಕು, ಲೋಹಕ್ಕೆ ಸಾಲಬಾರದು. ಹಿಂಬದಿಯ ಸೂಜಿಯನ್ನೂ ಅದರ ಕೊಕ್ಕೆಯನ್ನೂ ಬಿಲ್ಲೆಯೊಂದಿಗೇ ಹೊಯ್ಯುವುದಾದರೆ ಹಿಂದಿನ ಕಲ್ಲನ್ನು ಎರಡು ಭಾಗ ಮಾಡಿ, ಆ ಕೂಡುಗೆರೆಯಲ್ಲಿ ಸೂಜಿಯನ್ನು ಕೊರೆಯಬೇಕು. ಸೂಜಿಯ ಗಾಳಿಯನ್ನು ಎಲ್ಲಿಂದ ಬಿಡುತ್ತೇನೆ ಎಂಬುದನ್ನು ನಾನು ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಒಂದು ಮಳೆಗಾಲವೇ ಬೇಕಾಯಿತು. ಕಲ್ಲುಗಳು ಅಲುಗಾಡದಂತೆ ಮೂಲೆಗಳಲ್ಲಿ ತೂತು ಕೊರೆದು ಸೀಸವನ್ನೇ ಹೊಯ್ದು ಗೂಟ ಮಾಡಿಕೊಳ್ಳಿ. ಹೊಸ ಕಲ್ಲನ್ನು ಎರಡು ಮೂರು ಗಂಟೆ ಸಣ್ಣ ಉರಿಯಲ್ಲಿ ಒಣಗಿಸದೆ ಹೊಯ್ದರೆ ಒಳಗಿನ ತೇವ ಲೋಹವನ್ನು ಮುಖಕ್ಕೇ ಉಗಿಯುತ್ತದೆ. ಹೊಯ್ಯುವಾಗ ಕಲ್ಲಿನ ಹೊರಮೈಗೆ ತಾಗಿಸಿದ ನೀರಿನ ಹನಿ ಚುರ್ರೆಂದು ಆರುವಷ್ಟು ಕಾವು ಇರಬೇಕು. ಅಚ್ಚಿನ ಮುಖಕ್ಕೆ ಹರಳೆಣ್ಣೆ ದೀಪದ ಕಾಡಿಗೆ ಹಿಡಿಸುತ್ತೇನೆ. ಅದರೊಂದಿಗೆ ಒಂದು ಪುಡಿ ಸೇರುತ್ತದೆ, ಅದು ನನ್ನಲ್ಲೇ ಇರಲಿ.

ನಡುವೆ ಎರಡು ಬೇರೆ ಪ್ರಯೋಗಗಳನ್ನೂ ಮಾಡಿದೆ. ಜರ್ಮನಿಯ ಆಹೆನ್‌ನಲ್ಲಿ ಏಳು ವರ್ಷಕ್ಕೊಮ್ಮೆ ಯೇಸುವಿನ ತಾಯಿ ಮರಿಯಳ ಉಡುಪು ಮೊದಲಾದ ಪವಿತ್ರ ವಸ್ತ್ರಗಳನ್ನು ಗೋಪುರದಿಂದ ತೋರಿಸುವಾಗ, ಕೆಳಗೆ ಕಿಕ್ಕಿರಿದ ಯಾತ್ರಿಕರು ಕನ್ನಡಿ ಕೂರಿಸಿದ ಬಿಲ್ಲೆಗಳನ್ನು ಎತ್ತಿ ಹಿಡಿದು ಆ ವಸ್ತ್ರಗಳ ಪ್ರಭೆಯನ್ನು ಸೆರೆಹಿಡಿಯುತ್ತಿದ್ದರು. ಮುಟ್ಟಿಸಿ ಪುಣ್ಯ ಪಡೆಯುವ ಆಸೆ ಎಲ್ಲೆಡೆ ಇತ್ತು. ಉಲ್ಮ್‌ನ ಸನ್ಯಾಸಿ ಫೆಲಿಕ್ಸ್ ಫಾಬ್ರಿ 1483ರ ಜೆರುಸಲೇಮ್ ಯಾತ್ರೆಯ ಬರಹದಲ್ಲಿ, ಗೆಳೆಯರು ಕೊಟ್ಟ ಒಡವೆಗಳನ್ನು ಪುಣ್ಯಸ್ಥಳಗಳಿಗೆ ಮುಟ್ಟಿಸಿ ತರುತ್ತಿದ್ದುದನ್ನು ಹೇಳಿದ್ದಾನೆ. ಆಹೆನ್‌ನಲ್ಲಿ ಮುಟ್ಟಲಾಗದಷ್ಟು ಜನ ಸೇರುತ್ತಿದ್ದರಿಂದ ಕನ್ನಡಿ ಬಂದಿತು. 1439ರ ಯಾತ್ರೆಗೆಂದು ಸ್ಟ್ರಾಸ್‌ಬರ್ಗ್‌ನಲ್ಲಿ ಅಂಥ ಕನ್ನಡಿಗಳ ತಯಾರಿಕೆಗೆ ಪಾಲುದಾರರನ್ನು ಕೂಡಿಸಿಕೊಂಡವನು ಮುಂದೆ ಅಚ್ಚುಮೊಳೆಯ ಮುದ್ರಣಕ್ಕೆ ಹೆಸರಾದ ಗುಟೆನ್‌ಬರ್ಗ್. ಯಾತ್ರೆ 1440ಕ್ಕೆ ಮುಂದೆ ಹೋಗಿ ಬಂಡವಾಳ ಸಿಕ್ಕಿಹಾಕಿಕೊಂಡಿತು, ಪಾಲುದಾರನೊಬ್ಬ ತೀರಿಕೊಂಡ ಮೇಲೆ ಅವನ ಸಹೋದರರು ಮೊಕದ್ದಮೆ ಹೂಡಿದರು. ಆ ಮೊಕದ್ದಮೆಯ ಕಾಗದಗಳಿಂದಲೇ ಈ ಸಂಗತಿ ನಮಗೆ ತಿಳಿದಿರುವುದು. ನಾನು ತವರವನ್ನೇ ಉಜ್ಜಿ ಹೊಳಪಿಸಿ ಉಂಗುರದೊಳಗೆ ಕೂರಿಸಿದೆ; ಮುಖ ಕಾಣುತ್ತದೆ, ಆದರೆ ಎರಡು ತಿಂಗಳಲ್ಲಿ ಮಂಕಾಗುತ್ತದೆ. ಇನ್ನೊಂದು ಪ್ರಯೋಗ 1500ರ ಸುಮಾರಿನ ಹೊಲಿಯುವ ಬಿಲ್ಲೆಗಳದ್ದು. ಅವು ಎರಕದವಲ್ಲ, ತೆಳು ತಗಡನ್ನು ಅಚ್ಚಿನ ಮೇಲಿಟ್ಟು ಬಡಿದವು. ಅಕ್ಕಸಾಲಿಗರ ಕೆಲಸ ತಿಳಿದವರಿಗೆ ಅದು ಒಂದು ಮಧ್ಯಾಹ್ನದ ಮಾತು.

ಸ್ಯಾಂಟಿಯಾಗೊಗೆ ನಡೆದುಹೋಗುವ ಕರಾವಳಿಯ ಒಂದು ತಂಡ ಚಿಪ್ಪಿನ ಬಿಲ್ಲೆಗಳನ್ನು ಕೇಳಿದಾಗ ಇನ್ನೂರರಷ್ಟು ಹೊಯ್ದುಕೊಟ್ಟೆ. ಮೈಗೆ ತಾಗುವ ವಸ್ತುವಾದ್ದರಿಂದ ಅವನ್ನು ಸೀಸವಿಲ್ಲದ ಬೆಸುಗೆ ಗಟ್ಟಿಯಲ್ಲಿ ಮಾಡಿದೆ. ಅದು ತವರವೇ, ಒಂದಿಷ್ಟು ತಾಮ್ರ ಸೇರಿರುತ್ತದೆ. ಕಾವು ಹೆಚ್ಚು ಬೇಡುತ್ತದೆ, ಹತ್ತರಲ್ಲಿ ಏಳು ತುಂಬುತ್ತವೆ. ಒಂದು ಬಿಲ್ಲೆಗೆ ಎಂಟೊಂಬತ್ತು ಗ್ರಾಂ, ಲೋಹದ ಖರ್ಚು ಮೂವತ್ತು ರೂಪಾಯಿ, 350ಕ್ಕೆ ಮಾರಿದೆ. ಹಿಂದಿನ ನಷ್ಟವೆಲ್ಲ ಆ ಒಂದೇ ಕೆಲಸದಲ್ಲಿ ತೀರಿತು. ಸೀಸದ ಮಿಶ್ರಣವನ್ನು ಪ್ರದರ್ಶನದ ತುಣುಕುಗಳಿಗೆ ಮಾತ್ರ ಇಟ್ಟುಕೊಂಡಿದ್ದೇನೆ. ಅದರ ಕಿಟ್ಟದ ಪುಡಿ ಗಾಳಿಗೆ ಏಳದಂತೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಅಡುಗೆಮನೆಯ ಒಲೆಯ ಮೇಲೆ ಎಂದೂ ಕರಗಿಸಬಾರದು.

ಮೊದಲ ಬೆಕೆಟ್ ಅಚ್ಚಿನಲ್ಲಿ ನೂರಾರು ಬಿಲ್ಲೆಗಳು ಇಳಿದಿವೆ, ಅಕ್ಷರಗಳ ಅಂಚು ಇನ್ನೂ ಮೊಂಡಾಗಿಲ್ಲ. ಈಗ ಕ್ಯಾಂಟರ್‌ಬರಿಯ ಪವಿತ್ರ ಜಲ ತುಂಬುತ್ತಿದ್ದ ಟೊಳ್ಳು ಕುಪ್ಪಿಗೆ ಕೈಹಾಕಿದ್ದೇನೆ. ಒಳಗಿನ ಮಣ್ಣಿನ ತಿರುಳು ಹೊರಬರುವಾಗ ತೆಳು ಗೋಡೆಯನ್ನು ಹರಿಯುತ್ತಿದೆ. ತಿರುಳಿಗೆ ಬೂದಿ ಬೆರೆಸಿ ನೋಡುತ್ತಿದ್ದೇನೆ, ಇಲ್ಲವಾದರೆ ಲೋಹ ಹೊಯ್ದು, ಗೋಡೆ ಕಟ್ಟಿದ ಕೂಡಲೇ ಮಿಕ್ಕದ್ದನ್ನು ಮಗುಚುವ ದಾರಿ ಹಿಡಿಯುತ್ತೇನೆ.