ಬೆಂಗಳೂರಿನಲ್ಲೇ ಕೂತು ಎಂಡ್ಯೂರೆನ್ಸ್ ರೇಸಿಂಗ್ ಸೀಸನ್ ಫಾಲೋ ಮಾಡುವುದು ಹೇಗೆ?

ಮೊದಲೇ ಹೇಳಿಬಿಡುತ್ತೇನೆ: ಎಂಡ್ಯೂರೆನ್ಸ್ ರೇಸ್ ನೋಡಲು ಕೂತಾಗ ಎಲ್ಲಕ್ಕಿಂತ ಮುಂದಿರುವ ಕಾರನ್ನೇ ನೋಡುತ್ತಾ ಕೂರಬೇಡಿ. ಫಾರ್ಮುಲಾ ಒನ್ ನೋಡಿ ಅಭ್ಯಾಸ ಇರುವವರು ಹಾಗೇ ಶುರು ಮಾಡುತ್ತಾರೆ, ಎರಡು ಗಂಟೆ ಕಳೆಯುವಷ್ಟರಲ್ಲಿ ಯಾರು ಎಲ್ಲಿದ್ದಾರೆ ಅಂತ ಗೊತ್ತಾಗದೆ ಆಫ್ ಮಾಡಿ ಎದ್ದು ಹೋಗುತ್ತಾರೆ. ಇದು ಆರು, ಎಂಟು, ಇಪ್ಪತ್ನಾಲ್ಕು ಗಂಟೆ ಓಡುವ ರೇಸ್. ಒಂದೇ ಟ್ರ್ಯಾಕಿನಲ್ಲಿ ಎರಡು ಮೂರು ಕ್ಲಾಸ್ ಕಾರುಗಳು ಒಟ್ಟಿಗೆ ಓಡುತ್ತವೆ. ಪ್ರತಿ ಕ್ಲಾಸಿಗೂ ಬೇರೆ ಗೆಲುವು, ಬೇರೆ ಪಾಯಿಂಟ್ಸ್, ಬೇರೆ ಚಾಂಪಿಯನ್. ಹಾಗಾಗಿ ನಿಧಾನದ ಕ್ಲಾಸಿನಿಂದ ಒಂದು ಕಾರು ಆರಿಸಿಕೊಳ್ಳಿ, ಸೀಸನ್ ಪೂರ್ತಿ ಅದರ ಬೆನ್ನು ಹತ್ತಿ. ಟ್ರಾಫಿಕ್, ಪಿಟ್ ಸ್ಟಾಪ್ (ಇಂಧನ, ಟಯರಿಗಾಗಿ ನಿಲ್ಲುವುದು), ಡ್ರೈವರ್ ಬದಲಾವಣೆ, ಅಪಘಾತವಾದಾಗ ಎಲ್ಲರನ್ನೂ ನಿಧಾನಿಸಲು ಬರುವ ಸೇಫ್ಟಿ ಕಾರ್ ಎಲ್ಲವೂ ಆ ಒಂದು ಕಾರಿನ ಮೂಲಕವೇ ಅರ್ಥವಾಗುತ್ತಾ ಹೋಗುತ್ತದೆ.

ಯಾವ ಸರಣಿ ನೋಡಬೇಕು? ಎಫ್‌ಐಎ ವರ್ಲ್ಡ್ ಎಂಡ್ಯೂರೆನ್ಸ್ ಚಾಂಪಿಯನ್‌ಶಿಪ್, ಅಂದರೆ ಡಬ್ಲ್ಯುಇಸಿ. (ಎಫ್‌ಐಎ ಅಂದರೆ ವಿಶ್ವ ಮೋಟಾರ್ ರೇಸಿಂಗ್ ಸಂಸ್ಥೆ.) 2012ರಲ್ಲಿ ಶುರುವಾಯಿತು. 2024ರಿಂದ ಇದರಲ್ಲಿ ಎರಡೇ ಕ್ಲಾಸ್. ಮೇಲಿನದು ಹೈಪರ್‌ಕಾರ್: ರೇಸಿಗಾಗಿಯೇ ಕಟ್ಟಿದ ಕಾರುಗಳು, ಫೆರಾರಿ, ಟೊಯೋಟಾ, ಬಿಎಂಡಬ್ಲ್ಯು, ಕ್ಯಾಡಿಲ್ಯಾಕ್, ಆಸ್ಟನ್ ಮಾರ್ಟಿನ್ ಹೀಗೆ ದೊಡ್ಡ ದೊಡ್ಡ ಕಂಪನಿಗಳು ಇಲ್ಲೇ ಜಗಳ ಆಡುವುದು. ಕೆಳಗಿನದು ಎಲ್‌ಎಂಜಿಟಿ3: ರಸ್ತೆ ಮೇಲೆ ಓಡುವ ಪೋರ್ಷೆ 911, ಕಾರ್ವೆಟ್, ಮಸ್ಟ್ಯಾಂಗ್ ಅಂಥವುಗಳ ರೇಸಿಂಗ್ ರೂಪ. 2024ರಲ್ಲೂ 2025ರಲ್ಲೂ ಈ ಕ್ಲಾಸಿನಲ್ಲಿ ಸೀಸನ್ ಪೂರ್ತಿ ಓಡಿದ್ದು ಹದಿನೆಂಟು ಕಾರು. ಫ್ರಾನ್ಸಿನಲ್ಲಿ ನಡೆಯುವ 24 ಗಂಟೆಯ ಲೆ ಮಾನ್ಸ್ ರೇಸಿನಲ್ಲಿ ಮಾತ್ರ ಇವೆರಡರ ಮಧ್ಯೆ ಎಲ್‌ಎಂಪಿ2 ಅಂತ ಮೂರನೇ ಕ್ಲಾಸ್ ಸೇರುತ್ತದೆ. ಅದರಲ್ಲಿ ಎಲ್ಲ ಕಾರಿಗೂ ಒಂದೇ ಗಿಬ್ಸನ್ ವಿ8 ಎಂಜಿನ್.

ನಾನು ಆರಿಸಿಕೊಳ್ಳಿ ಅಂದದ್ದು ಎಲ್‌ಎಂಜಿಟಿ3ಯಿಂದ. ಕಾರಣ ಇದೆ. ಎಫ್‌ಐಎ ಈ ರೇಸುಗಳ ಡ್ರೈವರುಗಳಿಗೆ ಪ್ಲಾಟಿನಂ, ಗೋಲ್ಡ್, ಸಿಲ್ವರ್, ಬ್ರಾಂಜ್ ಅಂತ ದರ್ಜೆ ಕೊಡುತ್ತದೆ. ಎಲ್‌ಎಂಜಿಟಿ3ಯ ಪ್ರತಿ ಕಾರಿನಲ್ಲೂ ಒಬ್ಬ ಬ್ರಾಂಜ್ ಡ್ರೈವರ್ ಇರಲೇಬೇಕು. ಬ್ರಾಂಜ್ ಅಂದರೆ ಹೆಚ್ಚಾಗಿ ಬೇರೆ ಉದ್ಯೋಗ, ವ್ಯಾಪಾರ ಇಟ್ಟುಕೊಂಡು ರೇಸ್ ಮಾಡುವವರು. ಅವರು ಇಂತಿಷ್ಟು ಹೊತ್ತು ಕಾರು ಓಡಿಸಲೇಬೇಕು ಅಂತ ನಿಯಮ ಇದೆ, ರೇಸ್ ಶುರುವಾಗುವ ಸ್ಥಾನ ನಿರ್ಧರಿಸುವ ಕ್ವಾಲಿಫೈಯಿಂಗ್‌ನಲ್ಲೂ ಇಳಿಯಬೇಕು. ಅದೇ ಟೀಮಿನಲ್ಲಿ ಕಾರು ಕಂಪನಿಯಿಂದಲೇ ಸಂಬಳ ತೆಗೆದುಕೊಳ್ಳುವ ವೃತ್ತಿಪರ ಡ್ರೈವರ್ ಕೂಡ ಇರುತ್ತಾರೆ. ಈಗ ಯೋಚಿಸಿ: ನಿಮ್ಮ ಕಾರಿನ ಬ್ರಾಂಜ್ ಮೊದಲ ಎರಡು ಗಂಟೆಯಲ್ಲೇ ತನ್ನ ಪಾಲಿನ ಸಮಯ ಮುಗಿಸಿದರೆ, ಎದುರಾಳಿಯವರು ಇನ್ನೂ ಅರ್ಧ ಉಳಿಸಿಕೊಂಡಿದ್ದರೆ, ನೀವು ಒಂಬತ್ತನೇ ಸ್ಥಾನದಲ್ಲಿದ್ದರೂ ನಿಜವಾಗಿ ಮುಂದೆ ಇರಬಹುದು! ಸ್ಕ್ರೀನಿನಲ್ಲಿ ಕಾಣುವ ಪೊಸಿಷನ್ ಒಂದು, ರೇಸಿನ ನಿಜವಾದ ಸ್ಥಿತಿ ಇನ್ನೊಂದು. ಅದನ್ನು ಲೆಕ್ಕ ಹಾಕುವುದರಲ್ಲೇ ಈ ಆಟದ ಅರ್ಧ ಸುಖ ಇದೆ.

ಯಾವ ಕಾರು ಅನ್ನುವುದು ನಿಮ್ಮ ಮನಸ್ಸಿಗೆ ಬಿಟ್ಟದ್ದು. 2024, 2025ರಲ್ಲಿ ಡಬ್ಲ್ಯುಆರ್‌ಟಿ ತಂಡದ 46ನೇ ಬಿಎಂಡಬ್ಲ್ಯುವನ್ನು ಬೈಕ್ ರೇಸಿಂಗಿನ ದಿಗ್ಗಜ ವ್ಯಾಲೆಂಟಿನೋ ರೋಸ್ಸಿ ಓಡಿಸಿದರು. ನಂದಿ ಬೆಟ್ಟಕ್ಕೆ ಬೆಳಗಿನ ರೈಡ್ ಹೋಗುವ ಬೈಕ್ ಗುಂಪುಗಳಲ್ಲಿ ಆ ನಂಬರಿನ ಸ್ಟಿಕರ್ ಕಾಣದ ದಿನ ಇಲ್ಲ, ಅಂಥವರಿಗೆ ಆಗ ಆಯ್ಕೆ ಸುಲಭ ಇತ್ತು. ಮ್ಯಾಂಥಿ ತಂಡದ 92ನೇ ಪೋರ್ಷೆ ಆ ಎರಡೂ ವರ್ಷ ಚಾಂಪಿಯನ್ ಆಯಿತು. ಹಾಗಾಗಿ ಮ್ಯಾಂಥಿಯವರ ಕಾರು ಇರುವ ಕಡೆ ಅದನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ, ನಿಮ್ಮ ಕಾರು ಅದಕ್ಕಿಂತ ಎಷ್ಟು ದೂರದಲ್ಲಿದೆ ಅಂತ ನೋಡುತ್ತಿರಿ. ನಮ್ಮವರ ಹೆಸರು ಬೇಕು ಅಂದರೆ ಅದೂ ಇದೆ. 2012ರಲ್ಲಿ ಕರುಣ್ ಚಂಧೋಕ್ ಲೆ ಮಾನ್ಸ್ ರೇಸ್ ಓಡಿದ ಮೊದಲ ಭಾರತೀಯ ಆದರು, ಅವರ ಕಾರು ಒಟ್ಟಾರೆ ಆರನೇ ಸ್ಥಾನಕ್ಕೆ ಬಂತು. 2019ರಲ್ಲಿ ನಮ್ಮ ಬೆಂಗಳೂರಿನ ಅರ್ಜುನ್ ಮೈನಿ ಎಲ್‌ಎಂಪಿ2 ಕಾರಿನಲ್ಲಿ ಅದೇ ರೇಸಿಗೆ ಇಳಿದರು. ನಮ್ಮ ಊರಿನವರೊಬ್ಬರು ಅಲ್ಲಿ ರೇಸ್ ಓಡಿಸಿದ ಸುದ್ದಿ ಇಲ್ಲಿ ಎಷ್ಟು ಜನಕ್ಕೆ ಗೊತ್ತು ಹೇಳಿ? ಅದು ನನಗೆ ಇವತ್ತಿಗೂ ಬೇಜಾರು.

ಕಾರುಗಳನ್ನು ಗುರುತಿಸುವುದು ಕಷ್ಟ ಅನ್ನುತ್ತಾರೆ, ಅಷ್ಟೇನಿಲ್ಲ. ನಂಬರಿನ ಹಿಂದಿನ ಬಣ್ಣ ನೋಡಿ. ಡಬ್ಲ್ಯುಇಸಿಯಲ್ಲಿ ಕೆಂಪು ಅಂದರೆ ಹೈಪರ್‌ಕಾರ್, ನೀಲಿ ಎಲ್‌ಎಂಪಿ2, ಕಿತ್ತಳೆ ಎಲ್‌ಎಂಜಿಟಿ3. ಕಾರಿನ ಪಕ್ಕದಲ್ಲಿ ಸಣ್ಣ ಲೈಟುಗಳು ಉರಿಯುತ್ತಿದ್ದರೆ ಆ ಕಾರು ತನ್ನ ಕ್ಲಾಸಿನ ಮೊದಲ ಮೂರರಲ್ಲಿದೆ ಅಂತ ಅರ್ಥ, ಒಂದು ಲೈಟಿದ್ದರೆ ಮೊದಲ ಸ್ಥಾನ, ಮೂರಿದ್ದರೆ ಮೂರನೆಯದು. ರಾತ್ರಿ ಹೊತ್ತು ಇದು ತುಂಬಾ ಉಪಯೋಗ. ಜೊತೆಗೆ ಆಂಡಿ ಬ್ಲ್ಯಾಕ್‌ಮೋರ್ ಬಿಡಿಸುವ ಸ್ಪಾಟರ್ ಗೈಡ್ ಇಳಿಸಿಕೊಳ್ಳಿ. ಪ್ರತಿ ಕಾರಿನ ಚಿತ್ರ, ನಂಬರ್, ಡ್ರೈವರುಗಳ ಹೆಸರು ಒಂದೇ ಕಡೆ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ಮನೆ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಎ3 ಸೈಜಿನ ಕಲರ್ ಪ್ರಿಂಟ್ ತೆಗೆಸಿ ಟಿವಿ ಪಕ್ಕ ಅಂಟಿಸಿ. ಫೋನಿನಲ್ಲಿ ಜೂಮ್ ಮಾಡಿ ಮಾಡಿ ಹುಡುಕುವಷ್ಟರಲ್ಲಿ ಓವರ್‌ಟೇಕ್ ಮುಗಿದುಹೋಗಿರುತ್ತದೆ.

ಈಗ ನಿಜವಾದ ವಿಷಯ: ಟ್ರಾಫಿಕ್. ಲೆ ಮಾನ್ಸ್ ಟ್ರ್ಯಾಕ್ 13.626 ಕಿಲೋಮೀಟರ್ ಉದ್ದ. ಹೈಪರ್‌ಕಾರ್ ಅದನ್ನು ರೇಸಿನಲ್ಲಿ ಸುಮಾರು ಮೂರೂವರೆ ನಿಮಿಷದಲ್ಲಿ ಸುತ್ತುತ್ತದೆ, ಎಲ್‌ಎಂಜಿಟಿ3 ಕಾರಿಗೆ ನಾಲ್ಕು ನಿಮಿಷದ ಹತ್ತಿರ ಬೇಕು. ಲೆಕ್ಕ ಹಾಕಿ ನೋಡಿ, ಒಂದು ಹೈಪರ್‌ಕಾರ್ ನಿಮ್ಮ ಕಾರನ್ನು ಹೆಚ್ಚುಕಡಿಮೆ ಅರ್ಧ ಗಂಟೆಗೊಮ್ಮೆ ದಾಟಿ ಹೋಗುತ್ತದೆ. ಅಂಥ ಕಾರುಗಳು ಇಪ್ಪತ್ತರ ಆಸುಪಾಸು. ಅಂದರೆ ನಿಮ್ಮ ಡ್ರೈವರ್ ಒಂದೆರಡು ನಿಮಿಷಕ್ಕೊಮ್ಮೆ ಯಾರಿಗಾದರೂ ದಾರಿ ಬಿಡುತ್ತಲೇ ತನ್ನ ಕ್ಲಾಸಿನವರ ಜೊತೆ ರೇಸ್ ಮಾಡಬೇಕು. ಇಲ್ಲಿ ಒಂದು ವಿಷಯ ಚೆನ್ನಾಗಿ ನೆನಪಿಡಿ: ಹಿಂದಿನಿಂದ ವೇಗದ ಕಾರು ಬರುತ್ತಿದೆ ಅನ್ನುವ ನೀಲಿ ಬಾವುಟ ತೋರಿಸಿದರೆ ನಿಧಾನದ ಕಾರು ಪಕ್ಕಕ್ಕೆ ಸರಿಯಬೇಕು ಅಂತೇನಿಲ್ಲ. ತನ್ನ ಲೈನ್ ಬಿಡದೆ ನೇರವಾಗಿ ಓಡಿಸಿದರೆ ಸಾಕು, ಸುರಕ್ಷಿತವಾಗಿ ದಾಟುವ ಹೊಣೆ ವೇಗದ ಕಾರಿನದು. ಬ್ರಾಂಜ್ ಡ್ರೈವರ್ ಗಾಬರಿಯಾಗಿ ಕೊನೇ ಕ್ಷಣದಲ್ಲಿ ಪಕ್ಕಕ್ಕೆ ತಿರುಗಿಸಿದಾಗಲೇ ಅಪಘಾತ ಆಗುವುದು. ಒಳ್ಳೆಯ ಎಲ್‌ಎಂಜಿಟಿ3 ಡ್ರೈವರ್ ಏನು ಮಾಡುತ್ತಾರೆ ಗಮನಿಸಿ. ಹಿಂದಿನಿಂದ ಹೈಪರ್‌ಕಾರ್ ಬರುವುದು ಕನ್ನಡಿಯಲ್ಲಿ ಕಂಡ ಕೂಡಲೇ, ಅದು ತನ್ನನ್ನು ತಿರುವಿನಲ್ಲಿ ದಾಟದೆ ನೇರ ರಸ್ತೆಯಲ್ಲಿ ದಾಟುವ ಹಾಗೆ ವೇಗ ಹೊಂದಿಸುತ್ತಾರೆ, ಸಾಧ್ಯವಾದರೆ ಅದೇ ಹೈಪರ್‌ಕಾರ್ ಎದುರಾಳಿಯನ್ನು ತಿರುವಿನ ಮಧ್ಯದಲ್ಲೇ ಸಿಕ್ಕಿಸುವ ಹಾಗೆ ಮಾಡಿ ಅರ್ಧ ಸೆಕೆಂಡ್ ಗಳಿಸಿಕೊಳ್ಳುತ್ತಾರೆ. ಇದು ಕ್ಯಾಮೆರಾದಲ್ಲಿ ಸುಲಭಕ್ಕೆ ಕಾಣುವುದಿಲ್ಲ, ಕಾರಿನೊಳಗಿನ ಕ್ಯಾಮೆರಾದ ಆನ್‌ಬೋರ್ಡ್ ವಿಡಿಯೋ ಹಾಕಿದಾಗ ಕಣ್ಣು ಮಿಟುಕಿಸದೆ ನೋಡಿ.

ಪಿಟ್ ಸ್ಟಾಪ್ ಕಡೆಗೂ ಗಮನ ಇರಲಿ. ಡಬ್ಲ್ಯುಇಸಿಯಲ್ಲಿ ಇಂಧನ ತುಂಬುವಾಗ ಟಯರ್ ಮುಟ್ಟುವಂತಿಲ್ಲ, ಮೊದಲು ಇಂಧನ, ಆಮೇಲೆ ಟಯರ್. ಆದ್ದರಿಂದ ಟಯರ್ ಬದಲಿಸದೆ ಹೋದರೆ ನಿಜವಾಗಿ ಸಮಯ ಉಳಿಯುತ್ತದೆ, ಹಳೇ ಟಯರಿನಲ್ಲಿ ಎರಡು ಮೂರು ಸ್ಟಿಂಟ್ (ಒಂದು ಪಿಟ್ ಸ್ಟಾಪಿನಿಂದ ಇನ್ನೊಂದರವರೆಗಿನ ಓಟ) ಓಡಿಸುವ ಲೆಕ್ಕಾಚಾರ ಹುಟ್ಟುವುದೇ ಇಲ್ಲಿಂದ. ಟಯರನ್ನು ಮೊದಲೇ ಬಿಸಿ ಮಾಡಿಕೊಳ್ಳಲೂ ಬಿಡುವುದಿಲ್ಲ. ಪಿಟ್‌ನಿಂದ ಹೊರಬಂದ ಮೊದಲ ಲ್ಯಾಪ್ ಮಂಜುಗಡ್ಡೆ ಮೇಲೆ ಓಡಿಸಿದ ಹಾಗೆ. ಬೆಳಗಿನ ಜಾವದ ಚಳಿಯಲ್ಲಂತೂ ಕೇಳಲೇಬೇಡಿ.

ಸ್ಕ್ರೀನಿನಲ್ಲಿ ವರ್ಚುವಲ್ ಎನರ್ಜಿ ಅಂತ ಶೇಕಡಾ ಲೆಕ್ಕದಲ್ಲಿ ಒಂದು ಅಂಕಿ ಬರುತ್ತದೆ. ಒಂದು ಸ್ಟಿಂಟಿನಲ್ಲಿ ಕಾರು ಇಷ್ಟೇ ಶಕ್ತಿ ಬಳಸಬೇಕು ಅನ್ನುವ ಮಿತಿ ಅದು. ಸೊನ್ನೆಗೆ ಬರುವ ಮೊದಲು ಪಿಟ್‌ಗೆ ಬರಲೇಬೇಕು. ಇದರ ಮಹತ್ವ ತಿಳಿಯಲು 2024ರ ಲೆ ಮಾನ್ಸ್ ಕೊನೇ ಎರಡು ಗಂಟೆ ಸಿಕ್ಕರೆ ನೋಡಿ. ಮುಂದಿದ್ದ 50ನೇ ಫೆರಾರಿಯ ಬಾಗಿಲು ಸರಿಯಾಗಿ ಮುಚ್ಚದೆ ಅಲ್ಲಾಡುತ್ತಿತ್ತು, ಬಾಗಿಲು ಸರಿಮಾಡಿಸಿ ಅಂತ ಅಧಿಕಾರಿಗಳು ಬಾವುಟ ತೋರಿಸಿ ಪಿಟ್‌ಗೆ ಕರೆಸಿದರು. ಪ್ಲಾನ್ ಮಾಡಿರದ ಸ್ಟಾಪ್ ಅದು, ಅಲ್ಲಿಂದ ಲೆಕ್ಕವೆಲ್ಲ ಬದಲಾಯಿತು. ಕೊನೆಗೆ ಆ ಫೆರಾರಿಯ ಡ್ರೈವರ್ ನಿಕ್ಲಾಸ್ ನೀಲ್ಸನ್ ಕೇವಲ 2% ಎನರ್ಜಿ ಉಳಿಸಿಕೊಂಡು, 7ನೇ ಟೊಯೋಟಾಗಿಂತ 14 ಸೆಕೆಂಡ್ ಮುಂದೆ ಗೆರೆ ದಾಟಿದರು. ಇಪ್ಪತ್ನಾಲ್ಕು ಗಂಟೆ ಓಡಿ ಹದಿನಾಲ್ಕು ಸೆಕೆಂಡ್!

ಟಿವಿ ಜೊತೆಗೆ ಇನ್ನೊಂದು ಸ್ಕ್ರೀನಿನಲ್ಲಿ ಲೈವ್ ಟೈಮಿಂಗ್ ಇಟ್ಟುಕೊಳ್ಳಿ, ಹಳೇ ಫೋನ್ ಇದ್ದರೂ ಸಾಕು. ಬೆಸ್ಟ್ ಲ್ಯಾಪ್ ಅನ್ನುವ ಕಾಲಮ್ ನೋಡಿ ಮೋಸ ಹೋಗಬೇಡಿ, ಒಂದು ಲ್ಯಾಪ್ ಯಾರು ಬೇಕಾದರೂ ಜೋರಾಗಿ ಓಡಿಸಬಹುದು. ನಿಮ್ಮ ಕಾರಿನ ಕಳೆದ ಹತ್ತು ಲ್ಯಾಪ್‌ಗಳು ಸರಾಸರಿ ಎಷ್ಟರಲ್ಲಿ ಬರುತ್ತಿವೆ, ಎಷ್ಟು ಸಲ ಪಿಟ್‌ಗೆ ಹೋಗಿದೆ, ಈಗ ಯಾರು ಓಡಿಸುತ್ತಿದ್ದಾರೆ ಈ ಮೂರನ್ನು ಒಂದು ನೋಟ್‌ಬುಕ್ಕಿನಲ್ಲಿ ಗಂಟೆಗೊಮ್ಮೆ ಬರೆದುಕೊಳ್ಳಿ. ಸೇಫ್ಟಿ ಕಾರ್ ಬಂದರೆ ಅದನ್ನೂ ಬರೆಯಿರಿ. ಎಲ್ಲ ಕಾರುಗಳೂ ಅದರ ಹಿಂದೆ ಸಾಲುಗಟ್ಟುವುದರಿಂದ, ಕಷ್ಟಪಟ್ಟು ಕಟ್ಟಿದ ಒಂದು ನಿಮಿಷದ ಲೀಡ್ ಆಗ ಕರಗಿಹೋಗುತ್ತದೆ. ಸೇಫ್ಟಿ ಕಾರ್ ಇಲ್ಲದೆ ಇಡೀ ಟ್ರ್ಯಾಕಿಗೆ ಹಳದಿ ಎಚ್ಚರಿಕೆ ಕೊಡುವ ಫುಲ್ ಕೋರ್ಸ್ ಯೆಲ್ಲೋ ಬಂದರೆ ಹಾಗಲ್ಲ, ಎಲ್ಲರೂ ಗಂಟೆಗೆ 80 ಕಿಲೋಮೀಟರ್ ವೇಗಕ್ಕೆ ಇಳಿಯುತ್ತಾರೆ, ಅಂತರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ.

ಬ್ಯಾಲೆನ್ಸ್ ಆಫ್ ಪರ್ಫಾರ್ಮೆನ್ಸ್ ಬಗ್ಗೆ ಜಗಳ ಕೇಳಿಸುತ್ತದೆ. ಬೇರೆ ಬೇರೆ ಕಂಪನಿಯ ಕಾರುಗಳು ಸಮ ಸಮ ಇರಲಿ ಅಂತ ಸಂಘಟಕರು ತೂಕ, ಪವರ್ ಹೊಂದಿಸುತ್ತಾರೆ, ಸೋತವರು ಬೈಯುತ್ತಾರೆ. ಅದಿಲ್ಲದಿದ್ದರೆ ಇಷ್ಟು ಕಂಪನಿಗಳು ಬರುತ್ತಲೇ ಇರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಹೊಸಬರು ಒಂದು ಸೀಸನ್ ಆದರೂ ಇದಕ್ಕೆ ತಲೆ ಕೆಡಿಸಿಕೊಳ್ಳದೆ ನೋಡಿ.

ಇನ್ನು ಸಮಯ. ಈ ವಿಷಯದಲ್ಲಿ ಬೆಂಗಳೂರಿನವರು ಅದೃಷ್ಟವಂತರು. ಲೆ ಮಾನ್ಸ್ ಜೂನ್ ತಿಂಗಳಲ್ಲಿ, ಫ್ರಾನ್ಸಿನ ಸಮಯ ಶನಿವಾರ ಸಂಜೆ ನಾಲ್ಕಕ್ಕೆ ಶುರು, ಅಂದರೆ ನಮಗೆ ಸಂಜೆ ಏಳೂವರೆ. ಮುಗಿಯುವುದು ಭಾನುವಾರ ಏಳೂವರೆಗೆ. ರಾತ್ರಿಯೆಲ್ಲ ಎದ್ದಿರಬೇಕಾ? ಬೇಡವೇ ಬೇಡ. ಅಲ್ಲಿ ಜೂನ್‌ನಲ್ಲಿ ಕತ್ತಲಾಗುವುದೇ ರಾತ್ರಿ ಹತ್ತರ ಮೇಲೆ, ನಮ್ಮ ಗಡಿಯಾರದಲ್ಲಿ ಒಂದೂವರೆ ದಾಟಿರುತ್ತದೆ. ಸೂರ್ಯ ಹುಟ್ಟುವುದು ನಮ್ಮ ಬೆಳಿಗ್ಗೆ ಒಂಬತ್ತೂವರೆ ಸುಮಾರಿಗೆ. ಹಾಗಾಗಿ ಮೊದಲ ಮೂರು ಗಂಟೆ ನೋಡಿ, ಊಟ ಮಾಡಿ ನೆಮ್ಮದಿಯಾಗಿ ಮಲಗಿ. ಐದು ಗಂಟೆಗೆ ಅಲಾರಂ ಇಡಿ, ಫಿಲ್ಟರಿಗೆ ಡಿಕಾಕ್ಷನ್ ರಾತ್ರಿಯೇ ಹಾಕಿಟ್ಟಿರಿ. ಎದ್ದಾಗ ಅಲ್ಲಿ ಒಂದೂವರೆ ಗಂಟೆ ರಾತ್ರಿ. ಇನ್ನೂ ನಾಲ್ಕು ಗಂಟೆಗೂ ಜಾಸ್ತಿ ಕತ್ತಲ ರೇಸ್ ನಿಮಗಾಗಿ ಉಳಿದಿರುತ್ತದೆ, ಅದೇ ಇಡೀ ವರ್ಷದ ಅತಿ ಚೆಂದದ ಭಾಗ. ಆಸ್ಟನ್ ಮಾರ್ಟಿನ್ ವಾಲ್ಕಿರಿಯ ವಿ12 ಕೂಗು ಆ ಹೊತ್ತಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಸುಮ್ನೆ ಹೇಳುತ್ತಿಲ್ಲ. ಹತ್ತರಿಂದ ಮಧ್ಯಾಹ್ನ ಮೂರೂವರೆವರೆಗೆ ಮನೆ ಕೆಲಸ, ಮಾರ್ಕೆಟ್, ಒಂದು ನಿದ್ದೆ. ನಾಲ್ಕರಿಂದ ಕೊನೇವರೆಗೆ ಎಲ್ಲೂ ಹೋಗಬೇಡಿ. 2016ರಲ್ಲಿ ಲೀಡ್‌ನಲ್ಲಿದ್ದ ಟೊಯೋಟಾ ಕೆಲವೇ ನಿಮಿಷ ಬಾಕಿ ಇರುವಾಗ ನಿಂತುಹೋಯಿತು, ಪೋರ್ಷೆ ಗೆದ್ದಿತು. ಜೂನ್ ಅಂದರೆ ನಮಗೆ ಮಳೆ, ಕರೆಂಟ್ ಯಾವಾಗ ಬೇಕಾದರೂ ಹೋಗಬಹುದು, ಫೋನ್ ಪೂರ್ತಿ ಚಾರ್ಜ್ ಮಾಡಿ ಮೊಬೈಲ್ ಡೇಟಾ ಉಳಿಸಿಕೊಂಡಿರಿ. ನೆಟ್ ನಿಧಾನ ಆದರೆ ರೇಡಿಯೋ ಲೆ ಮಾನ್ಸ್ ಆಡಿಯೋ ಹಾಕಿಕೊಳ್ಳಿ, ಡೇಟಾ ಜಾಸ್ತಿ ತಿನ್ನುವುದಿಲ್ಲ, ಕಾಮೆಂಟರಿ ಟಿವಿಗಿಂತ ಚೆನ್ನಾಗಿರುತ್ತದೆ.

ಉಳಿದ ರೇಸುಗಳ ಸಮಯವೂ ತೊಂದರೆ ಇಲ್ಲ. 2024, 2025ರಲ್ಲಿ ತಲಾ ಎಂಟು ರೇಸ್: ಕತಾರ್, ಇಮೋಲಾ, ಸ್ಪಾ, ಲೆ ಮಾನ್ಸ್, ಸಾವೊ ಪಾಲೊ, ಆಸ್ಟಿನ್, ಫುಜಿ, ಬಹ್ರೇನ್. ಜಪಾನಿನ ಫುಜಿ ನಮಗೆ ಭಾನುವಾರ ಬೆಳಿಗ್ಗೆ ಏಳೂವರೆಗೆ ಶುರು, ತಿಂಡಿ ತಿನ್ನುತ್ತಾ ನೋಡಬಹುದು. ಯುರೋಪಿನವು ಸಂಜೆ. ಸಾವೊ ಪಾಲೊ, ಆಸ್ಟಿನ್ ಪೂರ್ತಿ ನೋಡಬೇಕಾದರೆ ಮಾತ್ರ ನಿದ್ದೆ ಕೆಡಬೇಕು. ನೋಡಲು ಡಬ್ಲ್ಯುಇಸಿಯವರದೇ ಆಪ್ ಇದೆ, ದುಡ್ಡು ಕೊಡಬೇಕು. ಖರ್ಚು ಮಾಡುವ ಮೊದಲು ನಿಮಗೆ ಇದು ಹಿಡಿಸುತ್ತದಾ ಅಂತ ತಿಳಿಯಬೇಕಿದ್ದರೆ ಯುರೋಪಿಯನ್ ಲೆ ಮಾನ್ಸ್ ಸೀರೀಸ್ ಯೂಟ್ಯೂಬ್‌ನಲ್ಲಿ ಉಚಿತ, ನಾಲ್ಕೇ ಗಂಟೆಯ ರೇಸ್.

ಪಾಯಿಂಟ್ಸ್ ಲೆಕ್ಕ ಹೀಗೆ: ಆರು ಗಂಟೆಯ ರೇಸ್ ಗೆದ್ದರೆ 25, ಎಂಟು ಹತ್ತು ಗಂಟೆಯದಕ್ಕೆ 38, ಲೆ ಮಾನ್ಸ್‌ಗೆ 50. ಬೇರೆ ರೇಸುಗಳಲ್ಲಿ ಸುಮಾರಾಗಿದ್ದ ಟೀಮ್ ಜೂನ್‌ನ ಒಂದು ವಾರಾಂತ್ಯದಲ್ಲಿ ಚಾಂಪಿಯನ್‌ಶಿಪ್‌ಗೆ ವಾಪಸ್ ಬರಬಹುದು. ನಿಮ್ಮ ಕಾರಿಗೆ ಮೊದಲ ಮೂರು ರೇಸ್ ಕೈಕೊಟ್ಟರೆ ಬೇರೆ ಕಾರಿಗೆ ಹಾರಬೇಡಿ.

ಬಹ್ರೇನ್ ಮುಗಿದ ಮೇಲೆ ನೋಟ್‌ಬುಕ್ ಒಳಗಿಡುವ ಅಗತ್ಯ ಇಲ್ಲ. ಚಳಿಗಾಲದಲ್ಲಿ ಏಷ್ಯನ್ ಲೆ ಮಾನ್ಸ್ ಸೀರೀಸ್ ಇರುತ್ತದೆ, ಸೆಪಾಂಗ್, ದುಬೈ, ಅಬುಧಾಬಿ ಎಲ್ಲವೂ ನಮ್ಮ ನಿದ್ದೆ ಕೆಡದ ಸಮಯಕ್ಕೇ ಬರುತ್ತವೆ, ಎಲ್‌ಎಂಜಿಟಿ3ಯ ಎಷ್ಟೋ ಬ್ರಾಂಜ್ ಡ್ರೈವರುಗಳು ಅಲ್ಲಿ ಅಭ್ಯಾಸ ಮಾಡುತ್ತಾರೆ. ಜನವರಿ ಕೊನೆಗೆ ಅಮೆರಿಕದ ಇಮ್ಸಾ ಸರಣಿಯ ಡೇಟೋನಾ 24 ಗಂಟೆ. ಅಲ್ಲಿ ನಾಲ್ಕು ಕ್ಲಾಸ್, ಬಣ್ಣಗಳೂ ಬೇರೆ: ಕೆಂಪು ಅಂದರೆ ಜಿಟಿಡಿ ಪ್ರೊ, ಹಸಿರು ಅಂದರೆ ಜಿಟಿಡಿ (ಎರಡೂ ಎಲ್‌ಎಂಜಿಟಿ3 ಥರದ ಕಾರುಗಳೇ), ಡಬ್ಲ್ಯುಇಸಿಯ ಕೆಂಪು ತಲೆಯಲ್ಲಿ ಇಟ್ಟುಕೊಂಡು ಕೂತರೆ ಗೊಂದಲ ಆಗುತ್ತದೆ. ಹೊಸ ಸ್ಪಾಟರ್ ಗೈಡ್ ಪ್ರಿಂಟ್ ತೆಗೆಸಿ, ಒಂದು ಹಸಿರು ನಂಬರಿನ ಕಾರು ಆರಿಸಿ.